ನೀರಿಲ್ಲದ ಕೊಳದ ಸುಜಾತಾ ಅಕ್ಕೋರು

ಸುಜಾತಾ ಅಕ್ಕೋರು ನಮಗೆ ಈಜು ಕಲಿಸಿದ್ದು ಹನಿ ನೀರಿಲ್ಲದ ಕೊಳದ ತಳದಲ್ಲಿ. ನೀಲಿ ಟೈಲ್ಸಿನ ಮೇಲೆ ಹನ್ನೊಂದು ಹುಡುಗಿಯರು ಸಾಲಾಗಿ ಬೋರಲು ಮಲಗಿ ಕಾಲು ಬಡಿಯುತ್ತಿದ್ದೆವು. ಅಕ್ಕೋರು ಬರಿಗಾಲಲ್ಲಿ ನಮ್ಮ ನಡುವೆ ಓಡಾಡುತ್ತ, ಯಾರ ಮೊಣಕಾಲು ಮಡಚಿದೆ, ಯಾರ ಸೊಂಟ ಮೇಲೆದ್ದಿದೆ ಎಂದು ನೋಡುತ್ತ ಎಣಿಸುತ್ತಿದ್ದರು. ಮಾತೆಲ್ಲ ಕನ್ನಡ, ಎಣಿಕೆ ಮಾತ್ರ ಮರಾಠಿ. ‘ಏಕ್, ದೋನ್, ತೀನ್, ಚಾರ್...’ ಕೊಲ್ಲಾಪುರದಲ್ಲಿ ತರಬೇತಿ ಪಡೆಯುವಾಗ ನಾಲಿಗೆಗೆ ಅಂಟಿಕೊಂಡದ್ದಂತೆ. ಖಾಲಿ ಕೊಳದ ಗೋಡೆಗಳಿಗೆ ಬಡಿದು ಆ ಎಣಿಕೆ ಎರಡೆರಡು ಸಲ ಕೇಳಿಸುತ್ತಿತ್ತು. ಇವತ್ತಿಗೂ ನಾನು ನೀರಿನೊಳಗೆ ತಲೆ ಹಾಕಿದಾಗ ಮೊದಲು ಕೇಳುವುದು ಅದೇ.

ನಮ್ಮದು ಏಕಸಂಬಿಯ ಹತ್ತಿರ, ದೂಧಗಂಗೆಯ ದಂಡೆಯ ಊರು. ಊರ ಶಾಲೆಯ ಹಿಂದೆ ಯಾರೋ ದಾನಿಗಳು ಒಂದು ಈಜುಕೊಳ ಕಟ್ಟಿಸಿಕೊಟ್ಟಿದ್ದರು. ಮೆಟ್ಟಿಲಿಗೆ ಉಕ್ಕಿನ ಹಿಡಿಕೆ ಬಂತು, ಹೆಸರು ಕೆತ್ತಿದ ಕಲ್ಲು ಬಂತು. ನೀರು ಶುದ್ಧ ಮಾಡುವ ಯಂತ್ರ ಮಾತ್ರ ಇವತ್ತು ನಾಳೆ ಎನ್ನುತ್ತ ಬರಲೇ ಇಲ್ಲ. ಅದು ಬರುವ ಮೊದಲೇ ಅಕ್ಕೋರು ಬಂದರು. ಆಟದ ಮಾಸ್ತರಿಕೆಗೆ ಹೆಣ್ಣುಮಗಳು ಬಂದದ್ದೇ ಊರಿಗೆ ಹೊಸದು. ಗಿಡ್ಡ ದೇಹ, ಅಗಲ ಹೆಗಲು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಕಮೀಜಿನ ಕೆಳಗೆ ಟ್ರ್ಯಾಕ್ ಪ್ಯಾಂಟು. ಕೊರಳಲ್ಲಿ ಸೀಟಿ ಇರುತ್ತಿತ್ತು. ಊದಿದ್ದನ್ನು ನಾನು ಕಂಡಿಲ್ಲ. ಬಂದ ವಾರದಲ್ಲೇ ಆ ಕೊಳದೊಳಗೆ ಬಿದ್ದಿದ್ದ ಎಲೆ, ಪ್ಲಾಸ್ಟಿಕ್, ಸತ್ತ ಓತಿಕ್ಯಾತ ಎಲ್ಲವನ್ನೂ ತಾವೇ ಕಸಬರಿಗೆ ಹಿಡಿದು ಗುಡಿಸಿ, ನಮ್ಮನ್ನು ಒಳಗೆ ಇಳಿಸಿದರು.

‘ನೀರು ಬರೂತನಕ ಕೈ ಕಟಗೊಂಡ ಕುಂಡ್ರೂದೇನು? ಮೊದ್ಲ ಮೈ ಕಲೀಲಿ. ನೀರಾಗ ಇಳದ ಮ್ಯಾಲ ಮೈಗೆ ಕಲಸಾಕ ಟೈಮ್ ಇರೂದಿಲ್ಲ’ ಎಂದಿದ್ದರು.

ನಮಗೆ ಗೊತ್ತಿದ್ದ ವಸ್ತುಗಳ ಹೆಸರನ್ನೇ ಅವರು ಒಂದೊಂದು ಚಲನೆಗೂ ಇಟ್ಟಿದ್ದರು. ಎರಡು ಕೈ ತಲೆಯ ಮೇಲೆ ಚಾಚಿ, ಅಂಗೈ ಮೇಲೆ ಅಂಗೈ ಇಟ್ಟು, ತೋಳಿನಿಂದ ಕಿವಿ ಒತ್ತಿ ಹಿಡಿದು ನಿಂತರೆ ಅದು ‘ಬಾಣ’. ಹೊಟ್ಟೆ ನೆಲಕ್ಕೆ ತಾಗದ ಹಾಗೆ ಕೈಕಾಲಿನ ಮೇಲೆ ಸರಿದರೆ ‘ಹಲ್ಲಿ’. ಜಿಗಿದು ಸದ್ದಾಗದ ಹಾಗೆ ಇಳಿದರೆ ‘ಬೆಕ್ಕು’. ಬೋರಲು ಮಲಗಿದ್ದವರು ಕೈಯ ಆಸರೆ ಇಲ್ಲದೆ, ಸೊಂಟದ ಬಲದಿಂದಲೇ ಮಗ್ಗುಲಾಗಿ ಅಂಗಾತ ಹೊರಳಿ, ಕೈಕಾಲು ಹರವಿ, ಮುಖ ಆಕಾಶಕ್ಕೆ ಮಾಡಿ ಸಡಿಲವಾಗುವುದು ‘ರೊಟ್ಟಿ ತಿರುವೂದು’. ಅದನ್ನು ದಿನಕ್ಕೆ ನಲವತ್ತು ಸಲ ಮಾಡಿಸುತ್ತಿದ್ದರು. ಸರಿಯಾಗದಿದ್ದರೆ ಬೈಗುಳವಿಲ್ಲ, ‘ಪುನ್ಹಾ’ ಎಂಬ ಒಂದೇ ಮಾತು. ಮತ್ತೊಮ್ಮೆ ಎಂದರ್ಥ. ಮನೆಯಲ್ಲಿ ತಂಗಿ ಪಾತ್ರೆ ತೊಳೆದದ್ದು ಸರಿಯಿಲ್ಲ ಎಂದು ಅವ್ವ ಅಂದರೆ ನಾನೂ ಅವಳಿಗೆ ‘ಪುನ್ಹಾ’ ಎನ್ನತೊಡಗಿದ್ದೆ.

ನಮ್ಮ ತರಗತಿಯಲ್ಲಿ ಇದ್ದ ನೀರೆಂದರೆ ಒಂದು ಬೋಗುಣಿಯಷ್ಟು. ಒಬ್ಬೊಬ್ಬರೇ ಅದರಲ್ಲಿ ಮುಖ ಅದ್ದಿ, ಗುಳ್ಳೆ ಬಿಡುತ್ತ ನಿಧಾನವಾಗಿ ಉಸಿರು ಹೊರಗೆ ಹಾಕಬೇಕಿತ್ತು. ‘ಉಸರ ಹಿಡಕೊಂಡ್ರ ಅಂಜಿಕಿ ಬರತೈತಿ. ಬಿಡ್ರಿ, ಮೆಲ್ಲಕ ಬಿಡ್ರಿ.’

ಕೊಳದ ದಂಡೆಯ ಮೇಲೆ ಊರಿನವರು ನಿಂತು ನಗುತ್ತಿದ್ದರು. ನಮ್ಮವ್ವನೂ ಒಂದು ದಿನ ಬಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಅಯ್ಯ ನಮ್ಮವ್ವ, ನೆಲದ ಮ್ಯಾಲ ಈಸಾಕತ್ತಾವಲ್ಲ ಇವು!’ ಎಂದಳು.

ಅಕ್ಕೋರು ಕೆಳಗಿನಿಂದ ತಲೆಯೆತ್ತಿ, ‘ಬರ್ರಿ ಬಾಯಾರ, ನೀವೂ ಇಳೀರಿ. ಮುಳುಗೂ ಅಂಜಿಕಿ ಇಲ್ಲ’ ಎಂದರು. ಅವ್ವ ನಗುತ್ತಲೇ ಓಡಿಹೋದಳು.

ಅಕ್ಕೋರ ತವರು ಕಾಗವಾಡದ ಕಡೆ, ಕೃಷ್ಣೆಯ ದಂಡೆಯ ಒಂದು ಊರು. ಬೌದ್ಧರ ಮನೆತನ. ‘ನಮ್ಮ ಅಜ್ಜಗ ಊರ ಬಾವಿ ಮುಟ್ಟಾಕ ಬಿಡ್ತಿರಲಿಲ್ಲ. ಹೊಳಿಗೆ ಹೋಗೂದು ತಪ್ಪಲಿಲ್ಲ. ಹಂಗಾಗಿ ನಮ್ಮ ಮನ್ಯಾಗ ಎಲ್ಲಾರಿಗೂ ಈಸಾಕ ಬರತೈತಿ’ ಎಂದು ಒಮ್ಮೆ ಹೇಳಿದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರೂ ಇರಲಿಲ್ಲ, ಬಡಾಯಿಯೂ ಇರಲಿಲ್ಲ. ಹೇಳಿ ಮುಗಿಸಿ, ‘ಬಾಣ’ ಎಂದರು. ನಾವು ಕೈ ಮೇಲೆತ್ತಿದೆವು.

ಹನ್ನೊಂದು ಜನರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಲಿತವಳು ಶಬಾನಾ. ನಮ್ಮ ಓಣಿಯವಳು, ನನ್ನ ಓರಗೆಯವಳು. ಅವಳ ಅಮ್ಮೀ ಜೈನಬ್ ನಮಗೆಲ್ಲ ಖಾಲಾ, ಚಿಕ್ಕಮ್ಮ; ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಶಬಾನಾ ರೊಟ್ಟಿ ತಿರುವಿದರೆ ಟೈಲ್ಸಿಗೆ ಮೈ ಉಜ್ಜಿದ ಸದ್ದೂ ಕೇಳುತ್ತಿರಲಿಲ್ಲ. ನಾನು ತಿರುವಿದರೆ ಮೊಣಕೈ ಬಡಿದು ಕೊಳವೆಲ್ಲ ದಡ್ಡೆನ್ನುತ್ತಿತ್ತು. ಅಕ್ಕೋರು ಎಲ್ಲರೆದುರು ಅವಳಿಂದಲೇ ಮಾಡಿಸಿ ತೋರಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಮನೆಗೆ ಹೋಗುವಾಗ ಅವಳ ಹೆಗಲ ಮೇಲೆ ನನ್ನ ಕೈ ಇರುತ್ತಿತ್ತು.

ಹೀಗೆ ಹತ್ತು ತಿಂಗಳು ಕಳೆದಿರಬೇಕು, ಶಾಲೆಯ ಕಮಿಟಿಯವರೊಬ್ಬರು ನೋಡಲು ಬಂದರು. ದಂಡೆಯ ಮೇಲೆ ನಿಂತು, ‘ಬಾಯಾರ, ಇದು ಈಸೂದೋ, ನೆಲಾ ವರಸೂದೋ?’ ಎಂದು ನಕ್ಕರು. ಜೊತೆಗಿದ್ದವರೂ ನಕ್ಕರು. ಅಕ್ಕೋರ ಮುಖ ಕೆಂಪಾದದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ. ಶಬಾನಾಳ ಬೆನ್ನಿನ ಮೇಲೆ ಕೈಯಿಟ್ಟು ಅವರು ಹೇಳಿದರು:

‘ಈ ಹುಡುಗ್ಯಾರ್ನ ಈಗ ಒಯ್ದು ಹೊಳ್ಯಾಗ ಒಗೀರಿ ಸಾಹೇಬ್ರ, ತೇಲ್ಕೋತ ದಂಡಿಗಿ ಬರ್ತಾರ.’

ನಮಗೆ ಎದೆಯುಬ್ಬಿತು. ಶಬಾನಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅದಾಗಿ ಸ್ವಲ್ಪ ದಿನಕ್ಕೇ ಮಹಾಪೂರ ಬಂತು. ನಮ್ಮಲ್ಲಿ ಮಳೆ ಅಷ್ಟೇನೂ ಇರಲಿಲ್ಲ. ಘಟ್ಟದಲ್ಲಿ ಬಿದ್ದ ಮಳೆ ನದಿಗಳಲ್ಲಿ ಇಳಿದು ಬಂದಿತ್ತು. ಬಿಸಿಲು ಬಿದ್ದ ಮುಂಜಾನೆ ಎದ್ದು ನೋಡಿದರೆ ಕಬ್ಬಿನ ತುದಿಗಳು ಮಾತ್ರ ಕಾಣುತ್ತಿದ್ದವು. ಹೊಳೆಯ ಕಡೆಯ ಮನೆಗಳವರು ಗಂಟುಮೂಟೆ ಕಟ್ಟಿಕೊಂಡು ಶಾಲೆಗೆ ಬಂದರು. ಅಕ್ಕೋರು ಅಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸಿ ಬಡಿಸುತ್ತಿದ್ದರು. ನಾನು ಮತ್ತು ಶಬಾನಾ ಯಾರಿಗೂ ಹೇಳದೆ ನೀರು ಎಲ್ಲಿಯವರೆಗೆ ಬಂದಿದೆ ನೋಡಲು ನಮ್ಮ ಓಣಿಯ ತುದಿಗೆ ಹೋದೆವು.

ಅಲ್ಲಿ ಒಂದು ಬೇವಿನ ಮರ. ಅದರ ಬುಡಕ್ಕೆ ನೀರು ತಾಗಿ ನಿಂತಿತ್ತು. ನಾನು ಪಾದ ಅದ್ದಿ ಆಡುತ್ತಿರುವಾಗ ನನ್ನ ಒಂದು ಚಪ್ಪಲಿ ಜಾರಿ ತೇಲಿಹೋಯಿತು. ಹೊಸ ಚಪ್ಪಲಿ, ಹದಿನೈದು ದಿನದ ಹಿಂದಷ್ಟೇ ಚಿಕ್ಕೋಡಿಯಲ್ಲಿ ಕೊಡಿಸಿದ್ದು. ಅವ್ವ ಬಡಿಯುತ್ತಾಳೆ ಎಂದು ನಾನು ಅಳತೊಡಗಿದೆ. ಚಪ್ಪಲಿ ಏಳೆಂಟು ಮಾರು ದೂರದಲ್ಲಿ ಸುಮ್ಮನೆ ತಿರುಗುತ್ತಿತ್ತು.

‘ಅಳಬ್ಯಾಡ ವೈಶೂ’ ಎಂದಳು ಶಬಾನಾ.

‘ನೀ ಹೋಗಿ ತಾ’ ಎಂದೆ. ಅವಳು ನೀರು ನೋಡಿದಳು. ಹಿಂದೆ ಸರಿದಳು. ಅದು ನನಗೆ ಚೆನ್ನಾಗಿ ನೆನಪಿದೆ, ಅವಳು ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ನಾನು ಮತ್ತೆ ಹೇಳಿದೆ, ‘ನಿನಗ ಎಲ್ಲಾ ಬರತೈತಲ್ಲ. ದಿನಾ ನೀನ ಮಾಡಿ ತೋರಸ್ತಿ. ಹೋಗು.’

ಅವಳು ಇಳಿದಳು. ಸೊಂಟದವರೆಗೂ ನೀರಿದ್ದಾಗ ತಿರುಗಿ ನಕ್ಕಳು. ಅಲ್ಲಿಂದ ಮುಂದೆ ರಸ್ತೆ ಮುಗಿದು ಹಳ್ಳ ಶುರುವಾಗುತ್ತಿತ್ತು; ತುಂಬಿದ ನೀರಿನಲ್ಲಿ ಯಾವುದು ರಸ್ತೆ, ಯಾವುದು ಹಳ್ಳ ಎಂದು ತಿಳಿಯುವಂತಿರಲಿಲ್ಲ. ಮೇಲೆ ನಿಂತ ಹಾಗೆ ಕಾಣುತ್ತಿದ್ದ ನೀರು ಅಡಿಯಲ್ಲಿ ಓಡುತ್ತಿತ್ತು. ಅವಳು ಒಮ್ಮೆಲೇ ಕೆಳಗೆ ಹೋದಳು, ಎದ್ದಳು, ಆಮೇಲೆ ನೀರು ಅವಳನ್ನು ಕಬ್ಬಿನ ಕಡೆಗೆ ಒಯ್ದಿತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಒಂದು ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡೇ ಶಾಲೆಯವರೆಗೆ ಓಡಿದೆ. ಗಂಡಸರು ಟ್ರ್ಯಾಕ್ಟರಿನ ಟ್ಯೂಬು, ಹಗ್ಗ ತೆಗೆದುಕೊಂಡು ಓಡಿದರು. ಅವಳು ಸಿಕ್ಕದ್ದು ಮರುದಿನ.

ಶಾಲೆಯ ಕೋಣೆಯಲ್ಲಿ ಹಿರಿಯರೆಲ್ಲ ನನ್ನ ಸುತ್ತ ನಿಂತಿದ್ದರು. ನನ್ನ ಅಪ್ಪ ಇದ್ದ, ಜೈನಬ್ ಖಾಲಾ ಗೋಡೆಗೆ ಒರಗಿ ಕುಸಿದಿದ್ದರು. ಯಾರೋ ಕೇಳಿದರು, ‘ಆಕಿ ನೀರಿಗೆ ಯಾಕ ಇಳದ್ಲು? ಹೇಳಲೇ ಹುಡುಗಿ.’

ನನ್ನ ಕಣ್ಣೆದುರು ಚಪ್ಪಲಿ ತಿರುಗುತ್ತಿತ್ತು. ನಾನು ಹೇಳಿದೆ, ‘ಹೊಳ್ಯಾಗ ಒಗದ್ರೂ ತೇಲ್ತೀರಿ ಅಂತ ಅಕ್ಕೋರು ಅಂದಿದ್ರರಿ.’

ಅದು ಸುಳ್ಳಾಗಿರಲಿಲ್ಲ. ಆ ಮಾತನ್ನು ಹನ್ನೊಂದು ಹುಡುಗಿಯರೂ ಕಮಿಟಿಯವರೂ ಕೇಳಿದ್ದರು. ಬಾಗಿಲಲ್ಲಿ ಅನ್ನದ ಸೌಟು ಹಿಡಿದು ನಿಂತಿದ್ದ ಅಕ್ಕೋರು ಅದನ್ನು ಕೇಳಿಸಿಕೊಂಡರು. ಎಲ್ಲರೂ ಅವರ ಕಡೆ ತಿರುಗಿದರು. ಅವರು ಸೌಟನ್ನು ಬಾಗಿ ನೆಲದ ಮೇಲಿಟ್ಟರು.

‘ಹೌದ್ರಿ. ಅಂದಿದ್ದೆ’ ಎಂದರು.

ಆಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನೀರು ಇಳಿದ ಮೇಲೆ, ಶಾಲೆಯ ಹಿಂದಿನ ತಗ್ಗಿನಲ್ಲಿದ್ದ ಕೊಳದಲ್ಲಿ ಮೊಣಕಾಲುದ್ದ ಕೆಸರು ಕೂತಿತ್ತು. ಈಜಿನ ತರಗತಿಗೆ ಯಾರೂ ಮಕ್ಕಳನ್ನು ಕಳಿಸಲಿಲ್ಲ, ಅಕ್ಕೋರೂ ಕರೆಯಲಿಲ್ಲ. ದಾರಿಯಲ್ಲಿ ಹೆಂಗಸರು ಅವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಮುಂದಿನ ವರ್ಷ ಅವರೇ ಕೇಳಿಕೊಂಡು ವರ್ಗ ಮಾಡಿಸಿಕೊಂಡರು. ‘ಹೊಳಿ ಇಲ್ಲದ ಊರು ಯಾವುದಿದ್ರೂ ನಡೀತೈತಿ’ ಎಂದು ಬರೆದುಕೊಟ್ಟಿದ್ದರಂತೆ. ಅಥಣಿ ತಾಲೂಕಿನ ತೆಲಸಂಗ ಸಿಕ್ಕಿತು.

ನಾನು ನೀರಿಗೆ ಇಳಿದದ್ದು ಹದಿನಾರನೆಯ ವಯಸ್ಸಿನಲ್ಲಿ, ಕಾಲೇಜಿಗೆಂದು ನಿಪ್ಪಾಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದಾಗ. ಅಲ್ಲಿಯ ಕೊಳದಲ್ಲಿ ಮೊದಲ ದಿನ ಗೋಡೆ ಒದ್ದು ಬಿಟ್ಟೆ. ತೋಳು ತಾನಾಗಿ ಕಿವಿಗೆ ಒತ್ತಿಕೊಂಡಿತು, ಕಾಲು ತಾನಾಗಿ ನೆಟ್ಟಗಾಯಿತು, ಉಸಿರು ಗುಳ್ಳೆಯಾಗಿ ಮೆಲ್ಲಗೆ ಹೊರಟಿತು. ‘ಎಲ್ಲಿ ಕಲತಿ?’ ಎಂದು ಅಲ್ಲಿಯ ಕೋಚ್ ಬೆರಗಾದರು. ನಾನು ಮತ್ತೆ ಗೋಡೆ ಒದ್ದೆ. ನೀರಿನೊಳಗೆ ಅಕ್ಕೋರ ದನಿ ಎಣಿಸುತ್ತಿತ್ತು, ಪಕ್ಕದಲ್ಲಿ ಸದ್ದಿಲ್ಲದೆ ಯಾರೋ ಹೊರಳಿದ ಹಾಗಿತ್ತು. ತಲೆ ಮೇಲೆತ್ತಿದರೆ ಯಾರೂ ಇಲ್ಲ. ಈಗ ಅದೇ ಕೊಳದಲ್ಲಿ ನಾನು ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ಮೊದಲ ಎರಡು ತಿಂಗಳು ದಂಡೆಯ ಮೇಲೆಯೇ. ಬಾಣ, ಹಲ್ಲಿ, ಬೆಕ್ಕು ಎಲ್ಲ ಮಾಡಿಸುತ್ತೇನೆ. ರೊಟ್ಟಿಯನ್ನೂ ಮಾಡಿಸುತ್ತೇನೆ, ಹೆಸರು ಮಾತ್ರ ಹೇಳುವುದಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಗುರುತಿಲ್ಲದ ನಂಬರಿನಿಂದ ಫೋನು ಬಂತು.

‘ವೈಶಾಲಿ ಏನವಾ? ನಾ ಸುಜಾತಾ. ನೀ ಈಸಾಕ ಕಲಸ್ತೀಯಂತ ಕೇಳಿದೆ. ಒಂದ ಐತವಾರ ತೆಲಸಂಗಕ್ಕ ಬರಾಕ ಆಗತೈತೇನು?’

ಹೋದೆ. ಆ ಭಾನುವಾರ ಅಥಣಿಯಿಂದ ಮುಂದೆ ಬಸ್ಸಿನ ಕಿಟಕಿಯಲ್ಲಿ ಕಲ್ಲು ನೆಲ, ಜೋಳ ಕೊಯ್ದ ಹೊಲ, ಅಲ್ಲಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಹೊಳೆಯ ಸುಳಿವೇ ಇಲ್ಲ. ಬಸ್ಸಿಳಿದಾಗ ಎದುರು ನಿಂತಿದ್ದವರನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ತುರುಬು ಪೂರ್ತಿ ಬೆಳ್ಳಗಾಗಿತ್ತು, ಹೆಗಲು ಇಳಿದಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹೆಗಲು ಚಲೋ ಆಗ್ಯಾವ’ ಎಂದಷ್ಟೇ ಹೇಳಿದರು.

ನಡೆಯುತ್ತ ವಿಷಯ ತಿಳಿಸಿದರು. ‘ನೀರಿಲ್ಲದ ಊರಂತ ಬಂದೆ. ಬಂದು ನೋಡತೀನಿ, ದ್ರಾಕ್ಷಿ ತ್ವಾಟಕ್ಕೊಂದು ಕೃಷಿ ಹೊಂಡ. ತುಂಬ ಪ್ಲಾಸ್ಟಿಕ್ ಹಾಸ್ಯಾರ. ಕಾಲ ಜಾರಿದ್ರ ದೊಡ್ಡವ್ರಿಗೂ ಹತ್ತಾಕ ಆಗೂದಿಲ್ಲ. ಇಲ್ಲಿ ಹುಡುಗೂರು ನೀರು ಕಂಡಿಲ್ಲ, ಅದಕ್ಕ ಅಂಜಿಕಿನೂ ಇಲ್ಲ. ಎರಡ ವರ್ಷದ ಹಿಂದ ಒಂದ ಹುಡುಗಿ ಬಿತ್ತು. ಪುಣ್ಯಾಕ ಯಾರೋ ನೋಡಿದ್ರು, ಎಳದ್ರು. ಆಮ್ಯಾಲ ನನಗ ಸುಮ್ನ ಕುಂಡ್ರಾಕ ಆಗಲಿಲ್ಲ.’

ಒಬ್ಬ ರೈತರ ಒಪ್ಪಿಗೆ ಪಡೆದು ಅವರ ಹೊಂಡದಲ್ಲಿ ಸೊಂಟದ ಮಟ್ಟಕ್ಕೆ ನೀರು ಬಿಡಿಸಿದ್ದರು. ದಂಡೆಯ ಗೂಟಕ್ಕೆ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಟ್ಯೂಬು. ಹದಿನಾಲ್ಕು ಮಕ್ಕಳು ನಾಲ್ಕು ತಿಂಗಳು ಶಾಲೆಯ ಅಂಗಳದಲ್ಲಿ ಮೈ ಕಲಿತು ಬಂದಿದ್ದರು. ಅವರ ಬಾಣ ನೋಡಿದ ಕೂಡಲೇ ಯಾರ ಶಿಷ್ಯರೆಂದು ನನಗೆ ತಿಳಿಯಿತು. ಒಂದು ಮಾತ್ರ ಹೊಸದಿತ್ತು. ನೀರಿಗೆ ಇಳಿಯುವ ಮುನ್ನ ಒಂದೊಂದು ಮಗುವೂ ಅಕ್ಕೋರ ಮುಂದೆ ನಿಂತು ಗಟ್ಟಿಯಾಗಿ ಹೇಳಬೇಕಿತ್ತು: ‘ನನಗ ಈಸಾಕ ಬರೂದಿಲ್ಲ.’

‘ಕೇಳಸಲಿಲ್ಲ. ಪುನ್ಹಾ.’

‘ನನಗ ಈಸಾಕ ಬರೂದಿಲ್ಲ!’

‘ಹಾಂ. ಇಳಿ.’

‘ನೀವು ಇಳೀರಲ್ರಿ ಅಕ್ಕೋರ’ ಎಂದೆ ನಾನು.

‘ನಾ ಇಳಿಯೂದಿಲ್ಲ’ ಎಂದರು. ‘ಅದಕ್ಕ ನಿನ್ನ ಕರಸೇನಿ.’

ಎರಡು ತಾಸು ನಾನು ನೀರಿನಲ್ಲಿ ಮಕ್ಕಳ ತಲೆಯಡಿ ಅಂಗೈ ಹಿಡಿದು ನಿಂತಿದ್ದೆ. ಅಕ್ಕೋರು ದಂಡೆಯ ಮೇಲೆ ಹಗ್ಗ ಹಿಡಿದು ಎಣಿಸಿದರು. ಹಗ್ಗದ ಇನ್ನೊಂದು ತುದಿ ನನ್ನ ಸೊಂಟಕ್ಕಿತ್ತು. ನಾನು ಒಂದು ಹೆಜ್ಜೆ ಆಚೆ ಸರಿದರೂ ಅವರು ಅದನ್ನು ಬಿಗಿ ಮಾಡುತ್ತಿದ್ದರು.

ಮಕ್ಕಳು ಹೋದ ಮೇಲೆ ದ್ರಾಕ್ಷಿ ಶೆಡ್ಡಿನ ನೆರಳಿನಲ್ಲಿ ಕೂತೆವು. ಅವರು ಬುತ್ತಿ ಬಿಚ್ಚಿದರು.

‘ಅಕ್ಕೋರ, ಆವತ್ತ ನಾ ಅರ್ಧಾನ ಹೇಳಿದ್ದೆರಿ’ ಎಂದೆ. ಚಪ್ಪಲಿ ತೇಲಿದ್ದು, ನಾನು ಅತ್ತದ್ದು, ಅವಳು ಹಿಂದೆ ಸರಿದದ್ದು, ನಾನೇ ಎರಡು ಸಲ ಹೋಗು ಎಂದದ್ದು, ಎಲ್ಲವನ್ನೂ ಹೇಳಿದೆ.

ಅವರು ಬುತ್ತಿಯ ಡಬ್ಬಿ ಮುಚ್ಚಿದರು. ಹೊಂಡದ ಕಡೆ ತಿರುಗಿ ಕೂತರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

‘ಜಾರಿದ ಮ್ಯಾಲ ಆಕಿ ಏನ ಮಾಡಿದ್ಲು? ಕೈ ಬಡದ್ಲೇನು?’

‘ಮೊದ್ಲ ಬಡದ್ಲರಿ. ಆಮ್ಯಾಲ... ಆಮ್ಯಾಲ ರೊಟ್ಟಿ ತಿರುವಿದ್ಲು.’

‘ಮಾರಿ ಮ್ಯಾಲಿತ್ತಾ?’

‘ಇತ್ರಿ. ಕಬ್ಬಿನತನಕ ಮ್ಯಾಲ ಇತ್ತು. ಕೈ ಹರವಿದ್ಲು. ಅದರಾಚಿಗಿ ನನಗ ಕಾಣಲಿಲ್ಲ.’

ಅಕ್ಕೋರ ಎರಡೂ ಕೈ ಮೊಣಕಾಲನ್ನು ಗಟ್ಟಿಯಾಗಿ ಹಿಡಿದವು. ಅವರಿಂದ ಒಂದು ಸದ್ದು ಬಂತು, ಅಳುವಿನದೋ ಉಸಿರಿನದೋ ತಿಳಿಯಲಿಲ್ಲ. ಆಮೇಲೆ ದುಪಟ್ಟಾದಿಂದ ಮುಖ ಒರೆಸಿಕೊಂಡು ಕೇಳಿದರು, ‘ಆಕಿ ಅಮ್ಮೀಗೆ ಗೊತ್ತೈತೇನು ಇದು?’

‘ಇಲ್ರಿ.’

‘ಹೇಳಬೇಕು.’

‘ಹೆಂಗ ಹೇಳ್ಲಿರಿ?’

‘ನಡಕೋತ ಹೋಗಿ, ಬಾಗಲ್ದಾಗ ನಿಂತು, ಬಾಯಿ ತಗದು. ಮತ್ತ ಹೆಂಗ?’

ಬಸ್ ನಿಲ್ದಾಣದವರೆಗೆ ಬಂದರು. ನೀನು ಆಗ ಚಿಕ್ಕವಳಿದ್ದೆ, ಆದದ್ದಾಯಿತು ಎಂದು ಅವರು ಹೇಳಲಿಲ್ಲ. ಹೇಳಲಿ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಬಸ್ಸು ಹೊರಟಾಗ ಅವರು ಕೈ ಬೀಸಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಅದೇ ಕೊನೆ.

ನಾನು ಜೈನಬ್ ಖಾಲಾನ ಮನೆಗೆ ಹೋಗಲಿಲ್ಲ. ಬೇಸಿಗೆಯ ಶಿಬಿರ ಮುಗಿಯಲಿ ಎಂದೆ, ಮಳೆ ನಿಲ್ಲಲಿ ಎಂದೆ. ಊರಿಗೆ ಹೋದಾಗಲೂ ಆ ಮನೆಯ ಮುಂದೆ ಹಾಯದೆ ಸುತ್ತಿ ಬರುತ್ತಿದ್ದೆ. ದೀಪಾವಳಿಯ ರಜೆ ಮುಗಿದ ಮೇಲೆ ತೆಲಸಂಗದ ಶಾಲೆಯವರೊಬ್ಬರು ಫೋನು ಮಾಡಿದರು. ರಜೆಗೆಂದು ಕಾಗವಾಡದ ಕಡೆ ತಮ್ಮನ ಮನೆಗೆ ಹೋದ ಸುಜಾತಾ ಅಕ್ಕೋರು ನಿದ್ದೆಯಲ್ಲೇ ತೀರಿಕೊಂಡಿದ್ದರು. ಮಣ್ಣು ಮಾಡಿ ಆಗಲೇ ವಾರವಾಗಿತ್ತು.

ಮರುದಿನವೇ ಊರಿಗೆ ಹೋದೆ. ಖಾಲಾ ಹೊಲಿಗೆ ಯಂತ್ರದ ಮುಂದೆ ಇದ್ದರು. ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಮುಗಿಯುವವರೆಗೂ ಅವರು ತಲೆ ಎತ್ತಲಿಲ್ಲ. ಬಟ್ಟೆಯ ಮೇಲಿದ್ದ ಕೈ ಹಾಗೇ ಇತ್ತು.

‘ಒಂದ ಚಪ್ಪಲೇನ?’ ಎಂದರು ಕೊನೆಗೆ.

‘ಹೂನ್ರಿ. ಒಂದ.’

ಅವರು ಸೂಜಿಯಡಿಯ ಬಟ್ಟೆ ತೆಗೆದು ಮಡಚಿಟ್ಟರು. ‘ನಿಮ್ಮ ಅಕ್ಕೋರು ಹರ ವರ್ಷ ಆ ದಿನಾ ಬರ್ತಾರ. ಈ ಕಟ್ಟಿ ಮ್ಯಾಲ ಒಂದ ತಾಸು ಕುಂಡ್ರತಾರ, ಹೋಗ್ತಾರ. ನಾ ಒಳಗ ಕರದಿಲ್ಲ. ನೀರು ಕೊಟ್ಟಿಲ್ಲ. ಈ ಮಳಿಗಾಲದಾಗೂ ಬಂದಿದ್ರು.’

‘ಈ ಮಳಿಗಾಲದಾಗೂ?’ ಎಂದೆ. ಆ ಹೊತ್ತಿಗೆ ಅಕ್ಕೋರಿಗೆ ಎಲ್ಲ ಗೊತ್ತಿತ್ತು. ‘ಏನಾರ ಹೇಳಿದ್ರೇನ್ರಿ?’

‘ಏನೂ ಇಲ್ಲ. ಕುಂತ್ರು, ಹೋದ್ರು.’

ಅಕ್ಕೋರು ಇನ್ನಿಲ್ಲ ಎಂದು ಆಮೇಲೆ ಹೇಳಿದೆ. ಖಾಲಾ ಎದ್ದು ಬಾಗಿಲವರೆಗೆ ಬಂದು, ನನ್ನನ್ನು ದಾಟಿ ಖಾಲಿ ಕಟ್ಟೆಯನ್ನು ನೋಡಿದರು. ಅವರ ತುಟಿ ಏನೋ ಗುಣುಗುಣಿಸಿತು.

‘ಇನ್ನ ಮ್ಯಾಲ ಆ ದಿನಾ ನೀ ಬಾ’ ಎಂದರು. ‘ಒಳಗ ಕರೀತೀನಂತ ತಿಳಕೋಬ್ಯಾಡ. ನನಗ ಆಗೂದಿಲ್ಲ. ಹೊರಗ ಕುಂಡ್ರು.’

ಈ ಮಳೆಗಾಲದಲ್ಲಿ ಹೋಗಿದ್ದೆ. ಕಟ್ಟೆಯ ಮೇಲೆ ಕೂತೆ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ನಡುವೆ ಒಮ್ಮೆ ನಿಂತಿತು. ನಾನು ಎದ್ದು ನಿಂತೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಓಡತೊಡಗಿತು. ನಾನು ಕೂತೆ.